ಖಾಲಿ ಪ್ಯಾಕೇಜ್ ಒಂದು ಇಡೀ ಡೆಸ್ಕ್‌ಟಾಪನ್ನು ಎತ್ತಿಕೊಂಡು ಹೋದ ಕಥೆ

ಇವತ್ತಿನ ಸಂಚಿಕೆ ಶುರುವಾಗೋದು 2021ರ ನವೆಂಬರ್‌ನಲ್ಲಿ ಬಂದ ಒಂದು ಯೂಟ್ಯೂಬ್ ವಿಡಿಯೋದಿಂದ. 'ಲೈನಸ್ ಟೆಕ್ ಟಿಪ್ಸ್' ಚಾನೆಲ್‌ನ ಲೈನಸ್ ಸೆಬಾಸ್ಟಿಯನ್ ನಿಮಗೆ ಗೊತ್ತಿರಬಹುದು. ಲಿನಕ್ಸ್ ಬರೆದ ಲೈನಸ್ ಟೊರ್ವಾಲ್ಡ್ಸ್ ಬೇರೆ, ಇವರು ಬೇರೆ, ಹೆಸರು ಮಾತ್ರ ಒಂದೇ. ವಿಂಡೋಸ್ ಬಿಟ್ಟು ಲಿನಕ್ಸ್‌ನಲ್ಲೇ ಗೇಮ್ ಆಡೋಕೆ ಆಗುತ್ತಾ ನೋಡೋಣ ಅಂತ ಅವರು 'ಪಾಪ್ ಓಎಸ್' ಹಾಕಿಕೊಂಡರು. ಗೇಮ್ ಆಡೋಕೆ ಸ್ಟೀಮ್ ಬೇಕು. ಆಪ್ ಅಂಗಡಿಯಿಂದ ಅದು ಇನ್‌ಸ್ಟಾಲ್ ಆಗಲಿಲ್ಲ. ಸರಿ, ಟರ್ಮಿನಲ್ ತೆರೆದು ಕಮಾಂಡ್ ಕೊಟ್ಟರು. ಪರದೆ ಮೇಲೆ ಉದ್ದದ ಪಟ್ಟಿ ಬಂತು. ಕೊನೆಯಲ್ಲಿ ಇಂಗ್ಲಿಷ್‌ನಲ್ಲಿ ಒಂದು ಎಚ್ಚರಿಕೆ: ಇದರಿಂದ ಹಾನಿ ಆಗಬಹುದು, ಮುಂದುವರಿಯಬೇಕಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಅಂತ ಟೈಪ್ ಮಾಡಿ. ಅವರು ಟೈಪ್ ಮಾಡಿದರು.

ಡೆಸ್ಕ್‌ಟಾಪ್ ಹೋಯ್ತು. ಐಕಾನ್ ಇಲ್ಲ, ವಿಂಡೋ ಇಲ್ಲ, ಕಪ್ಪು ಪರದೆ ಮೇಲೆ ಅಕ್ಷರಗಳು ಮಾತ್ರ.

'ಎಚ್ಚರಿಕೆ ಓದಬೇಕಿತ್ತು' ಅಂತ ಎಷ್ಟೋ ಜನ ನಕ್ಕರು. ನನಗೆ ಆ ನಗು ನ್ಯಾಯ ಅನ್ನಿಸೋದಿಲ್ಲ. ಒಂದು ಆಪ್ ಕೇಳಿದವನಿಗೆ ಇಡೀ ಡೆಸ್ಕ್‌ಟಾಪ್ ತೆಗೆಯೋ ಸಲಹೆಯನ್ನು ಒಂದು ವ್ಯವಸ್ಥೆ ಯಾಕಾದರೂ ಕೊಡಬೇಕು? ಉತ್ತರ ಬೇಕಂದ್ರೆ ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ವ್ಯತ್ಯಾಸ ಗಮನಿಸಿ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆಪ್ ಹೆಚ್ಚು ಕಡಿಮೆ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತೆ. ಒಂದನ್ನು ಅಳಿಸಿದರೆ ಪಕ್ಕದ್ದಕ್ಕೆ ಏನೂ ಆಗಲ್ಲ. ಲಿನಕ್ಸ್ ಡೆಸ್ಕ್‌ಟಾಪ್ ಹಾಗೆ ಬೆಳೆದಿದ್ದಲ್ಲ. ಅಲ್ಲಿ ಒಂದೇ ಲೈಬ್ರರಿಯನ್ನು ಹತ್ತಾರು ಪ್ರೋಗ್ರಾಮ್‌ಗಳು ಹಂಚಿಕೊಳ್ಳುತ್ತವೆ. ಕೂಡುಕುಟುಂಬದ ಅಡುಗೆಮನೆ ಇದ್ದ ಹಾಗೆ. ಡಿಸ್ಕ್ ಜಾಗ ಉಳಿಯುತ್ತೆ, ಒಂದು ಕಡೆ ದೋಷ ಸರಿಮಾಡಿದರೆ ಎಲ್ಲರಿಗೂ ಸರಿಹೋಗುತ್ತೆ. ಆದರೆ ಯಾರಿಗೆ ಯಾವುದು ಬೇಕು ಅನ್ನೋ ಲೆಕ್ಕ ಇಡಲೇಬೇಕು.

1993ರಲ್ಲಿ ಈ ಲೆಕ್ಕ ಫ್ಲಾಪಿ ಡಿಸ್ಕ್‌ಗಳ ಮೇಲಿತ್ತು. ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್ ಬಂದಿದ್ದೇ ಆ ವರ್ಷ. ಅದರ ಫ್ಲಾಪಿ ಕಟ್ಟುಗಳಿಗೆ ಅಕ್ಷರದ ಹೆಸರು: 'ಎ' ಅಂದ್ರೆ ಮೂಲ ವ್ಯವಸ್ಥೆ, 'ಎನ್' ನೆಟ್‌ವರ್ಕ್, 'ಎಕ್ಸ್' ಚಿತ್ರಾತ್ಮಕ ಪರದೆ, 'ವೈ' ಆಟಗಳು. ಬೇಕಾದ ಕಟ್ಟು ಹಾಕಿಕೋ, ಬೇಡದ್ದು ಬಿಡು. ಗುಂಪು ಅನ್ನೋದು ಕೈಯಲ್ಲಿ ಹಿಡಿಯಬಹುದಾದ ವಸ್ತುವೇ ಆಗಿತ್ತು. ಆದರೆ ಯಾವುದು ಯಾವುದನ್ನು ಅವಲಂಬಿಸಿದೆ ಅನ್ನೋದು ಬಳಸುವವನ ತಲೆಯಲ್ಲಿರಬೇಕಿತ್ತು.

ಅದೇ 1993ರ ಆಗಸ್ಟ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದರು. ಆಗಿನ ಜನಪ್ರಿಯ ವಿತರಣೆ ಎಸ್‌ಎಲ್‌ಎಸ್ ದೋಷಗಳಿಂದ ತುಂಬಿದೆ ಅನ್ನೋ ಸಿಟ್ಟು ಅವರಿಗಿತ್ತು. ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬ್-ಇಯಾನ್. ಆಮೇಲೆ ಇಯಾನ್ ಜ್ಯಾಕ್ಸನ್ ಅನ್ನೋ ಇನ್ನೊಬ್ಬ ಇಯಾನ್ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ ಡಿಪಿಕೆಜಿಯನ್ನು ಹೊಸದಾಗಿ ಬರೆದರು. ಇಲ್ಲಿ ಪ್ರತಿ ಪ್ಯಾಕೇಜ್ ತನಗೆ ಬೇಕಾದವರ ಹೆಸರನ್ನು ತಾನೇ ಹೇಳುತ್ತೆ. ಮುಂದೆ ಆ ಸಂಬಂಧಕ್ಕೆ ದರ್ಜೆಗಳೂ ಬಂದವು: ಇದಿಲ್ಲದೆ ಆಗಲ್ಲ, ಇದಿದ್ದರೆ ಒಳ್ಳೇದು, ಇದನ್ನೂ ನೋಡಬಹುದು. ಲೆಕ್ಕ ತಲೆಯಿಂದ ಕಂಪ್ಯೂಟರ್‌ಗೆ ದಾಟಿದ್ದು ಹೀಗೆ.

1996ರ ಡೆಬಿಯನ್ 1.1ರಲ್ಲಿ 474 ಪ್ಯಾಕೇಜ್ ಇದ್ದವು. 1999ರ ಮಾರ್ಚ್‌ನ 2.1ಕ್ಕೆ ಸುಮಾರು 2,250. ಇಷ್ಟನ್ನೂ ಒಂದೊಂದಾಗಿ ತೋರಿಸಿ 'ಇದು ಬೇಕಾ, ಅದು ಬೇಕಾ' ಅಂತ ಕೇಳೋ ಡಿಸೆಲೆಕ್ಟ್ ಅನ್ನೋ ಪರದೆ ಮುಂದೆ ಹೊಸಬರು ಸುಸ್ತಾಗಿಬಿಡ್ತಿದ್ದರು. 2.1ರಲ್ಲೇ ಎಪಿಟಿ ಬಂತು, ಬಾಯಲ್ಲಿ 'ಆಪ್ಟ್'. ಒಂದು ಹೆಸರು ಹೇಳಿದರೆ ಅದಕ್ಕೆ ಬೇಕಾದ್ದನ್ನೆಲ್ಲ ಅದೇ ಹುಡುಕಿ ತರುತ್ತೆ.

ಆದರೆ ಡೆಸ್ಕ್‌ಟಾಪ್ ಅನ್ನೋದು ಒಂದು ಪ್ರೋಗ್ರಾಮ್ ಅಲ್ಲವಲ್ಲ. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಯೋಜನೆಗಳು ಶುರುವಾಗಿದ್ದವು. ಫೈಲ್ ಮ್ಯಾನೇಜರ್, ಪ್ಯಾನೆಲ್, ಕ್ಯಾಲ್ಕುಲೇಟರ್, ಆಟಗಳು, ಎಲ್ಲವೂ ಬೇರೆ ಬೇರೆ ಪ್ಯಾಕೇಜ್. 'ಗ್ನೋಮ್ ಕೊಡಪ್ಪಾ' ಅಂತ ಒಂದೇ ಮಾತಲ್ಲಿ ಕೇಳೋದು ಹೇಗೆ?

ಡೆಬಿಯನ್ ಕಂಡುಕೊಂಡ ದಾರಿ ಜಾಣತನದ್ದು. ಒಂದು ಪ್ಯಾಕೇಜ್ ಮಾಡು, ಒಳಗೆ ಪ್ರೋಗ್ರಾಮ್ ಏನನ್ನೂ ಇಡಬೇಡ. ಅದರ ಅವಲಂಬನೆ ಪಟ್ಟಿಯಲ್ಲಿ ಇಡೀ ಡೆಸ್ಕ್‌ಟಾಪ್‌ನ ಹೆಸರುಗಳನ್ನು ಬರೆ. ಇದಕ್ಕೆ ಮೆಟಾಪ್ಯಾಕೇಜ್ ಅಂತಾರೆ. ಅಂಗಡಿಗೆ ಕೊಡೋ ಸಾಮಾನಿನ ಚೀಟಿ ಅಂದುಕೊಳ್ಳಿ: ಚೀಟಿಯಲ್ಲಿ ಅಕ್ಕಿ ಇಲ್ಲ, ಅಕ್ಕಿಯ ಹೆಸರಿದೆ. ಬಿಕಾಂ ಓದಿದ ನನ್ನಂಥವರಿಗೆ ಹೋಲ್ಡಿಂಗ್ ಕಂಪನಿ ನೆನಪಾಗುತ್ತೆ, ಸ್ವಂತ ಕಾರ್ಖಾನೆ ಇಲ್ಲ, ಆದರೂ ಎಲ್ಲವೂ ಅದರ ಹೆಸರಲ್ಲೇ ನಿಂತಿದೆ. 2000ದ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 2.2ರಲ್ಲಿ ಇಂಥ ಚೀಟಿಗಳನ್ನು ಆರಿಸಿಕೊಳ್ಳೋಕೆ ಟಾಸ್ಕ್‌ಸೆಲ್ ಅನ್ನೋ ಸರಳ ಪರದೆಯೂ ಸೇರಿತು. 2004ರ ಅಕ್ಟೋಬರ್‌ನಲ್ಲಿ ಉಬುಂಟು ಬಂದಾಗ ಅದರ ಡೆಸ್ಕ್‌ಟಾಪ್ ಕೂಡ 'ಉಬುಂಟು-ಡೆಸ್ಕ್‌ಟಾಪ್' ಅನ್ನೋ ಚೀಟಿಯ ಮೇಲೇ ನಿಂತಿತು.

ಹಾಕೋದು ಸುಲಭವಾಯ್ತು, ತೆಗೆಯೋದು ಕಗ್ಗಂಟಾಯ್ತು. 2005ರಲ್ಲಿ ಕೆಡಿಇ ಇರುವ ಕುಬುಂಟು ಬಂದ ಮೇಲೆ ಜನ ಕುತೂಹಲಕ್ಕೆ ತಮ್ಮ ಉಬುಂಟು ಮೇಲೆಯೇ 'ಕುಬುಂಟು-ಡೆಸ್ಕ್‌ಟಾಪ್' ಹಾಕಿ ನೋಡ್ತಿದ್ದರು. ನೂರಾರು ಪ್ಯಾಕೇಜ್ ಇಳಿದು ಬರೋದು. ಇಷ್ಟ ಆಗಲಿಲ್ಲ ಅಂತ ಅದನ್ನೇ ತೆಗೆದರೆ? ಚೀಟಿ ಮಾತ್ರ ಹರಿದುಹೋಗೋದು, ಸಾಮಾನು ಮನೆಯಲ್ಲೇ ಉಳಿಯೋದು. ಮೆನುವಿನಲ್ಲಿ ಎರಡೆರಡು ಟೆಕ್ಸ್ಟ್ ಎಡಿಟರ್, ಎರಡೆರಡು ಮ್ಯೂಸಿಕ್ ಪ್ಲೇಯರ್.

ಇದಕ್ಕೆ ಮದ್ದು ಅಂದ್ರೆ ನೆನಪು. ಡೇನಿಯಲ್ ಬರೋಸ್ ಬರೆದ ಆಪ್ಟಿಟ್ಯೂಡ್‌ನಲ್ಲಿ ಮೊದಲು, ಆಮೇಲೆ ಎಪಿಟಿಯಲ್ಲೂ, ಪ್ರತಿ ಪ್ಯಾಕೇಜ್ ಮೇಲೆ ಒಂದು ಗುರುತು ಬಂತು: ಇದನ್ನು ಮನುಷ್ಯ ಕೇಳಿದನಾ, ಅಥವಾ ಬೇರೊಂದರ ಜೊತೆ ತಾನಾಗಿ ಬಂತಾ? ತಾನಾಗಿ ಬಂದದ್ದು ಯಾರಿಗೂ ಬೇಡವಾದಾಗ 'ಆಟೊರಿಮೂವ್' ಅಂದ್ರೆ ಗುಡಿಸಿಹಾಕುತ್ತೆ.

ಈಗ ಹಳೆಯ ಕಷ್ಟ ತಲೆಕೆಳಗಾಗಿ ನಿಂತಿತು. ನಿಮಗೆ ಗ್ನೋಮ್‌ನ ಒಂದು ಆಟ ಬೇಡ, ತೆಗೀತೀರಿ. ಚೀಟಿಯಲ್ಲಿ ಆ ಆಟ 'ಇದಿಲ್ಲದೆ ಆಗಲ್ಲ' ಅಂತಿದ್ದರೆ ಚೀಟಿಯೂ ಹೋಗಬೇಕು. ಚೀಟಿ ಹೋದರೆ ಅದರಿಂದ ಬಂದ ಉಳಿದವೆಲ್ಲ ಅನಾಥ. ಆಟೊರಿಮೂವ್ ಕೊಟ್ಟರೆ ಇಡೀ ಡೆಸ್ಕ್‌ಟಾಪ್ ಕಸದ ಬುಟ್ಟಿಗೆ! ಯಂತ್ರ ಸುಳ್ಳು ಹೇಳ್ತಿಲ್ಲ, ನಿಯಮ ಪಾಲಿಸ್ತಿದೆ ಅಷ್ಟೇ. ಹಾಗಾಗಿ ಮೆಟಾಪ್ಯಾಕೇಜ್‌ಗಳಿಗೆ ಎಪಿಟಿಯಲ್ಲಿ ವಿಶೇಷ ರಿಯಾಯಿತಿ ಬರೆಯಬೇಕಾಯ್ತು, ಚೀಟಿ ಹರಿದರೂ ಸಾಮಾನು ಅನಾಥ ಆಗಬಾರದು ಅಂತ. ಜೊತೆಗೆ ಉಬುಂಟು ತನ್ನ ಚೀಟಿಯ ಎಷ್ಟೋ ಆಪ್‌ಗಳನ್ನು 'ಇದ್ದರೆ ಒಳ್ಳೇದು' ಸಾಲಿಗೆ ಇಳಿಸಿತು. ನನ್ನ ಪ್ರಕಾರ ಇದೇ ಹೆಚ್ಚು ಮರ್ಯಾದೆಯ ಪರಿಹಾರ. ಪಟ್ಟಿ ಬರೆದವರ ಇಷ್ಟ ಬೇರೆ, ಬಳಸುವವರ ಹಕ್ಕು ಬೇರೆ ಅಂತ ಅದು ಒಪ್ಪಿಕೊಳ್ಳುತ್ತೆ.

ರೆಡ್ ಹ್ಯಾಟ್ ಕಡೆಯವರ ಹಾದಿ ಬೇರೆ. ಅಲ್ಲಿ ಗುಂಪು ಒಂದು ಪ್ಯಾಕೇಜೇ ಅಲ್ಲ, ಹೊರಗಿನ ಫೈಲ್‌ನಲ್ಲಿರೋ ಪಟ್ಟಿ. ಕಡ್ಡಾಯ, ಸಾಮಾನ್ಯ, ಐಚ್ಛಿಕ ಅಂತ ವಿಂಗಡಣೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸೆತ್ ವಿಡಾಲ್ ಮುಂದಾಳತ್ವದಲ್ಲಿ ಬೆಳೆದ 'ಯಮ್' ಆ ಪಟ್ಟಿ ಓದಿ ಗುಂಪು ಹಾಕ್ತಿತ್ತು. ಆದರೆ ಗುಂಪು ತೆಗೆ ಅಂದ್ರೆ, ಬೇರೆ ಗುಂಪಿಗೂ ಸೇರಿದ ಪ್ಯಾಕೇಜನ್ನೂ ಸೇರಿಸಿ ತೆಗೆದುಬಿಡೋದು. 2013ರ ಜುಲೈನಲ್ಲಿ ಸೆತ್ ಸೈಕಲ್‌ನಲ್ಲಿ ಹೋಗುವಾಗ ಕಾರು ಡಿಕ್ಕಿಯಾಗಿ ತೀರಿಕೊಂಡರು. 2015ರಲ್ಲಿ ಫೆಡೋರಾ 22ರಲ್ಲಿ ಯಮ್ ಜಾಗಕ್ಕೆ ಡಿಎನ್‌ಎಫ್ ಬಂತು.

ಈಗ ಪಾಪ್ ಓಎಸ್ ವಿಷಯ ಬಿಡಿಸಿಕೊಳ್ಳುತ್ತೆ. ಸ್ಟೀಮ್‌ಗೆ 32 ಬಿಟ್ ಲೈಬ್ರರಿಗಳು ಬೇಕು. ಆ ಹೊತ್ತಿಗೆ ಪಾಪ್ ಓಎಸ್ ಭಂಡಾರದಲ್ಲಿ 32 ಬಿಟ್ ಪ್ಯಾಕೇಜ್‌ನಲ್ಲಿ ಏರುಪೇರಾಗಿತ್ತು. ಸ್ಟೀಮ್ ಮತ್ತು 'ಪಾಪ್-ಡೆಸ್ಕ್‌ಟಾಪ್' ಚೀಟಿ ಒಟ್ಟಿಗೆ ಇರೋಕೆ ಸಾಧ್ಯವಿಲ್ಲ ಅಂತ ಎಪಿಟಿ ಲೆಕ್ಕ ಹಾಕಿತು. ಬಳಕೆದಾರ ಬಾಯಿಬಿಟ್ಟು ಕೇಳಿದ್ದು ಸ್ಟೀಮ್. ಹಾಗಾದರೆ ಹೋಗಬೇಕಾದ್ದು ಡೆಸ್ಕ್‌ಟಾಪ್. ತರ್ಕ ಸರಿ, ಫಲಿತಾಂಶ ಹುಚ್ಚು.

ನಕ್ಕವರಿಗಿಂತ ಬೇಗ ಎದ್ದವರು ಅದನ್ನು ಬರೆಯೋ ಜನ. ಅದೇ ನವೆಂಬರ್‌ನಲ್ಲಿ ಎಪಿಟಿ 2.3.12 ಬಂತು. ಅತ್ಯಗತ್ಯ ಅಂತ ಗುರುತಿರುವ ಪ್ಯಾಕೇಜ್‌ಗಳನ್ನು ತೆಗೆಯೋ ಪರಿಹಾರವನ್ನು ಅದು ತಾನಾಗಿ ಸೂಚಿಸೋದೇ ಇಲ್ಲ. 'ಹೌದು, ನಾನು ಹೇಳಿದಂತೆ ಮಾಡು' ಸಾಲಿನ ಬದಲು ಈಗ ಕೆಲಸ ಅಲ್ಲೇ ನಿಲ್ಲುತ್ತೆ. ತೆಗೆಯಲೇಬೇಕಿದ್ದರೆ ಕಮಾಂಡ್‌ನಲ್ಲೇ ಅದಕ್ಕೆಂದು ಬೇರೆ ಆಯ್ಕೆ ಬರೆದು ಕೇಳಬೇಕು.

ಅಂದಹಾಗೆ ಕನ್ನಡಕ್ಕೂ ಒಂದು ಚೀಟಿ ಇದೆ. ಡೆಬಿಯನ್, ಉಬುಂಟುಗಳಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಅನ್ನೋ ಮೆಟಾಪ್ಯಾಕೇಜ್ ಹಾಕಿದರೆ ಕನ್ನಡ ಅಕ್ಷರಗಳ ಫಾಂಟ್‌ಗಳು ಒಟ್ಟಿಗೆ ಇಳಿಯುತ್ತವೆ. ಅದರಲ್ಲಿ ಲೋಹಿತ್ ಕನ್ನಡ ಇದೆ, ನವಿಲು ಅನ್ನೋ ಮುದ್ದು ಹೆಸರಿನ ಫಾಂಟ್ ಇದೆ. ಲ್ಯಾಪ್‌ಟಾಪ್ ಇದ್ದವರು ಹಾಕುವ ಮೊದಲು 'ಆಪ್ಟ್ ಶೋ' ಕಮಾಂಡ್ ಜೊತೆ ಆ ಹೆಸರು ಕೊಟ್ಟು ನೋಡಿ. ಪಟ್ಟಿ ನಾಲ್ಕೇ ನಾಲ್ಕು ಸೆಕೆಂಡ್‌ನಲ್ಲಿ ಓದಿ ಮುಗಿಯುತ್ತೆ.