ಒಂದು ನಿಯಮ, ಹಲವು ಮನೆ

ಹಿರಿಯ ನಾಗರಿಕರಿಗೆ ಬಸ್ ಟಿಕೆಟಿನಲ್ಲಿ ರಿಯಾಯಿತಿ ಎಂಬ ನಿಯಮ ಇದೆಯೆನ್ನಿ. ಟಿಕೆಟ್ ಮಾರುವ ಜಾಲತಾಣದಲ್ಲಿ ಅದನ್ನು ಎಲ್ಲಿ ಬರೆದಿಡಬೇಕು? ಕಣ್ಣಿಗೆ ಕಾಣುವ ಪುಟದಲ್ಲೋ, ಬಂದ ಕೋರಿಕೆಯನ್ನು ಸ್ವೀಕರಿಸುವ ನಡುವಣ ಪದರದಲ್ಲೋ, ಮಾಹಿತಿಯನ್ನು ನೋಡಿಕೊಳ್ಳುವ ತಳದ ಪದರದಲ್ಲೋ? ತಂತ್ರಾಂಶ ತಜ್ಞರ ಈ ಜಗಳಕ್ಕೆ ನಾಲ್ಕು ದಶಕಗಳಿಗೂ ಮಿಕ್ಕ ಇತಿಹಾಸವಿದೆ.

ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಹಡಗು ನಿರ್ಮಾಣದ ತಂತ್ರಾಂಶದಲ್ಲಿ ಪಳಗಿದವರು. ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಶೋಧನಾಲಯಕ್ಕೆ ಅವರು 1978ರಲ್ಲಿ ಅತಿಥಿಯಾಗಿ ಬಂದರು. ದೊಡ್ಡದೊಂದು ಯೋಜನೆಯನ್ನು ಒಬ್ಬರು ಪಟ್ಟಿಯಾಗಿ ನೋಡಬಯಸಿದರೆ ಇನ್ನೊಬ್ಬರಿಗೆ ನಕ್ಷೆಯೇ ಬೇಕು. ನೋಟ ಎರಡಾದರೂ ವಿಷಯ ಒಂದೇ ತಾನೆ? ಈ ವಿಚಾರದಿಂದ 1979ರಲ್ಲಿ ಮೂರು ಹೆಸರುಗಳು ಹುಟ್ಟಿದವು: ವಿಷಯವನ್ನೂ ಅದರ ನಿಯಮವನ್ನೂ ಹೊತ್ತ ಮಾಡೆಲ್, ಅದನ್ನು ತೋರಿಸುವ ವ್ಯೂ, ಬಳಸುವವನೊಡನೆ ವ್ಯವಹರಿಸುವ ಕಂಟ್ರೋಲರ್. ಮುಂದೆ ಸ್ಮಾಲ್‌ಟಾಕ್ ಭಾಷೆಯಲ್ಲಿ ಕಂಟ್ರೋಲರಿನ ಕೆಲಸವೆಂದರೆ ಕೀಲಿಮಣೆ ಮತ್ತು ಮೌಸಿನ ಸಂಜ್ಞೆಗಳಿಗೆ ಓಗೊಡುವುದು, ಅಷ್ಟೆ.

ಇದೆಲ್ಲ ಮೇಜಿನ ಮುಂದೆ ಒಬ್ಬನೇ ಕೂತು ಬಳಸುವ ಗಣಕಕ್ಕೆ. ಜಾಲತಾಣಗಳು ಬಂದಾಗ ಈ ಶಿಸ್ತನ್ನು ಯಾರೂ ಅಷ್ಟಾಗಿ ನೆನೆಯಲಿಲ್ಲ. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಬಿಡುಗಡೆ ಮಾಡಿದ ಪಿಎಚ್‌ಪಿ ಬೆಳೆದಂತೆ, ಪುಟದ ನಡುವೆಯೇ ಆಜ್ಞೆಗಳನ್ನು ಹೆಣೆಯುವುದು ರೂಢಿಯಾಯಿತು. ಎಷ್ಟು ಸಲೀಸೋ ಅಷ್ಟೇ ಅಪಾಯ. ರಿಯಾಯಿತಿಯ ವಯಸ್ಸು ಬದಲಾದಾಗ ಎರಡು ಪುಟ ತಿದ್ದಿ ಮೂರನೆಯದನ್ನು ಮರೆತರೆ, ದಂಡ ತೆರುವವರು ವೃದ್ಧ ಪ್ರಯಾಣಿಕರು.

2004ರಲ್ಲಿ ಡೆನ್ಮಾರ್ಕಿನ ಡೇವಿಡ್ ಹೈನೆಮೀಯರ್ ಹ್ಯಾನ್ಸನ್ ಹೊರತಂದ ರೈಲ್ಸ್, ಮೂರು ಪದರಗಳಿಗೆ ಮೂರು ಕಡತಕೋಶಗಳನ್ನೇ ಕೊಟ್ಟಿತು. ಕೋಶ ಬಂದರೆ ಶಿಸ್ತು ಬಂದೀತೆ? ಕಂಟ್ರೋಲರ್ ಈಗ ಮೌಸಿನ ಕಾವಲುಗಾರನಲ್ಲ; ಜಾಲದಿಂದ ಬರುವ ಪ್ರತಿಯೊಂದು ಕೋರಿಕೆಗೂ ಹೆಬ್ಬಾಗಿಲು. ಹೆಸರು ಹಳೆಯದು, ಉದ್ಯೋಗ ಹೊಸದು. ಗೊಂದಲದ ಮೂಲ ಇಲ್ಲೇ ಇರುವಂತಿದೆ. ಬಾಗಿಲಲ್ಲಿ ನಿಂತವನ ತಲೆಗೇ ಎಲ್ಲ ಹೊರೆಯನ್ನೂ ಕಟ್ಟಲಾಯಿತು. ಕಂಟ್ರೋಲರ್ ಸಣಕಲಾಗಿರಲಿ, ಮಾಡೆಲ್ ದಷ್ಟಪುಷ್ಟವಾಗಲಿ ಎಂದು 2006ರಲ್ಲಿ ಜೇಮಿಸ್ ಬಕ್ ಬರೆಯಬೇಕಾಯಿತು. ನಿಯಮಗಳಿಲ್ಲದೆ ಬರೀ ಮಾಹಿತಿ ಹೊತ್ತ ಮಾಡೆಲ್ ರಕ್ತಹೀನವೆಂದು ಮಾರ್ಟಿನ್ ಫೌಲರ್ 2003ರಲ್ಲೇ ದೂರಿದ್ದರು.

ಆದರೆ ಪುಷ್ಟಿ ಬೊಜ್ಜಾಗಲು ತಡವಾಗಲಿಲ್ಲ. ಹಣ ಪಡೆ, ಆಸನ ಕಾದಿರಿಸು, ಮೊಬೈಲಿಗೆ ಸಂದೇಶ ಕಳಿಸು ಎಂಬ ಸರಣಿ ಕೆಲಸಗಳೂ ಮಾಡೆಲಿಗೇ ಅಂಟಿಕೊಂಡವು. ಅವನ್ನು ಬಿಡಿಸಿ ಸರ್ವಿಸ್ ಎಂಬ ಪದರಕ್ಕೆ ಒಪ್ಪಿಸುವ ಪದ್ಧತಿ ಬಲವಾಯಿತು. ಫೌಲರ್ ಅವರ 2002ರ ಗ್ರಂಥದಲ್ಲೇ ಆ ಪದರಕ್ಕೆ ಜಾಗವಿತ್ತು. ಈ ಏರ್ಪಾಟಿನಲ್ಲಿ ರಿಯಾಯಿತಿಯ ಲೆಕ್ಕ ಮಾಡೆಲಿನಲ್ಲೇ ಉಳಿಯುತ್ತದೆ. ಜಾಲಪುಟ, ಮೊಬೈಲ್ ಆಪ್, ನಿಲ್ದಾಣದ ಕೌಂಟರ್ ಮೂರೂ ಅದನ್ನೇ ಕೇಳಿ ದರ ಹೇಳುತ್ತವೆ.