ಇಂಗ್ಲಿಷಿನ ಹಳೆಯ ಶುದ್ಧೀಕರಣ ಪದಗಳು

ತೊಳೆಯುವುದು, ಬೆಳಗುವುದು, ಭೇದಿ ಮಾಡಿಸುವುದು, ಪಾಪ ಕಳೆಯುವುದು ಮೊದಲಾದ ಕೆಲಸಗಳಿಗೆ ಇಂಗ್ಲಿಷಿನಲ್ಲಿ ಹಿಂದೆ ಇದ್ದ ಎಷ್ಟೋ ಪದಗಳು ಈಗ ಬಳಕೆ ತಪ್ಪಿವೆ. ಕೆಲವು ಅಳಿದಿವೆ. ಇನ್ನು ಕೆಲವು ಉಳಿದರೂ ಅರ್ಥ ಕೆಟ್ಟಿದೆ. ಕೊಳೆ ತೆಗೆಯುವ ಪದಕ್ಕೇ ಕೊಳೆ ಮೆತ್ತಿಕೊಂಡದ್ದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುನ್ನ ಅಲ್ಲಿನ ಜನ ಈ ಕೆಲಸಗಳಿಗೆ ಹೆಚ್ಚಾಗಿ ಜರ್ಮ್ಯಾನಿಕ್ ಮೂಲದ ಪದಗಳನ್ನೇ ಬಳಸುತ್ತಿದ್ದರು. ಅವುಗಳಲ್ಲಿ 'ಕ್ಲ್ಯಾನ್ಸಿಯನ್' ಇಂದಿನ 'ಕ್ಲೆನ್ಸ್' ಆಗಿ ಉಳಿದಿದೆ. 'ಫ್ಯಾಲ್ಸಿಯನ್' ಉಳಿಯಲಿಲ್ಲ. 'ಬೇವುಲ್ಫ್' ಕಾವ್ಯದ ನಾಯಕ ಗ್ರೆಂಡೆಲ್ ಎಂಬ ರಕ್ಕಸನ ಕಾಟದಿಂದ ಹೆರೊಟ್ ಅರಮನೆಯನ್ನು ಬಿಡಿಸಿದ್ದನ್ನು ಕವಿ ಈ ಕ್ರಿಯಾಪದದಿಂದ ಹೇಳುತ್ತಾನೆ. ಅಲ್ಲಿ ಅದು ಕಸ ಗುಡಿಸುವ ಮಾತಲ್ಲ, ಮನೆಗೆ ಹಿಡಿದ ಪೀಡೆಯನ್ನು ನೀಗುವ ಮಾತು. ಅಷ್ಟು ತೂಕದ ಪದ ಕಳೆದುಹೋದದ್ದು ಇಂಗ್ಲಿಷಿಗೆ ನಷ್ಟವೇ.

'ಫೆಯೊರ್ಮಿಯನ್' ಎಂಬ ಇನ್ನೊಂದು ಕ್ರಿಯಾಪದ ಮುಂದೆ 'ಫಾರ್ಮ್' ಆಯಿತು. ಇದು ಬೇಸಾಯದ 'ಫಾರ್ಮ್' ಅಲ್ಲ; ಬಳಿದು ಬರಿದು ಮಾಡುವುದು ಎಂಬ ಅರ್ಥದ್ದು. ಕಕ್ಕಸುಗುಂಡಿ ಬಳಿಯುವವನನ್ನು 'ಗಾಂಗ್ ಫಾರ್ಮರ್' ಎಂದು ಕರೆದದ್ದು ಇದರಿಂದಲೇ. 'ಗಾಂಗ್' ಎಂದರೆ ಮೂಲದಲ್ಲಿ ಬರಿಯ 'ಹೋಗುವಿಕೆ'. ನಮ್ಮ ಹಳ್ಳಿಗರು 'ಬಯಲಿಗೆ ಹೋಗುವುದು' ಎನ್ನುವಂತೆ, ಅವರೂ ಹೆಸರಿಡಲು ನಾಚಿ ನಡಿಗೆಯ ಮಾತನ್ನು ಆರಿಸಿಕೊಂಡರು. ಟ್ಯೂಡರ್ ಅರಸರ ಕಾಲದಲ್ಲಿ ಈ ಕೆಲಸಗಾರರು ರಾತ್ರಿ ಹೊತ್ತಿನಲ್ಲಿ ಮಾತ್ರ ಕೆಲಸ ಮಾಡಬೇಕಿತ್ತು. ಊರನ್ನು ಶುಚಿಯಾಗಿಟ್ಟವರು ಊರಿನ ಕಣ್ಣಿಗೆ ಬೀಳಬಾರದಿತ್ತು.

'ಸ್ಕ್ಯಾವೆಂಜರ್' ಪದದ ಕಥೆ ನಮ್ಮ ನಾಡಿಗೂ ತಾಗುತ್ತದೆ. ಮೊದಲಿಗೆ ಅದು ಲಂಡನ್ನಿನಲ್ಲಿ ಹೊರಗಿನ ವರ್ತಕರ ಸರಕಿನ ಮೇಲೆ ಸುಂಕ ಎತ್ತುವ ಅಧಿಕಾರಿಯ ಹೆಸರು. ಬೀದಿಗಳ ಶುಚಿತ್ವದ ಉಸ್ತುವಾರಿಯೂ ಅವನ ಪಾಲಿಗೆ ಬಂದು, ಕ್ರಮೇಣ ಕಸ ಬಳಿಯುವವನಿಗೇ ಆ ಹೆಸರು ನಿಂತಿತು. ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದ ಭಾರತದ 2013ರ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿರುವುದೂ ಇದೇ ಪದ.

ಸ್ಕ್ಯಾಂಡಿನೇವಿಯದಿಂದ ಬಂದ 'ಸ್ಕಿಯರ್' ಎಂದರೆ ಶುದ್ಧ, ನಿರ್ಮಲ. ಈ ಅರ್ಥದಲ್ಲೇ ಈಸ್ಟರಿಗೆ ಮುಂಚಿನ ಗುರುವಾರವನ್ನು ಇಂಗ್ಲೆಂಡಿನಲ್ಲಿ 'ಷಿಯರ್ ಥರ್ಸ್‌ಡೇ' ಎನ್ನುತ್ತಿದ್ದರು. ಈಗ ಅಲ್ಲಿ 'ಮಾಂಡಿ ಥರ್ಸ್‌ಡೇ' ಎಂಬ ಹೆಸರೇ ರೂಢಿ. ಆದರೆ ಸ್ವೀಡನ್ನರ ಬಾಯಲ್ಲಿ ಹಳೆಯದು 'ಷೇರ್‌ಟೂಶ್‌ಡಾಗ್' ಆಗಿ ಇನ್ನೂ ಇದೆ. ಇನ್ನು ಬಟ್ಟೆಯ ಮಾತಿಗೆ ಬಂದರೆ, ಅದನ್ನು ಬೂದಿಯ ಕ್ಷಾರದ ನೀರಿನಲ್ಲಿ ನೆನೆಸಿ ಒಗೆಯುವುದಕ್ಕೆ 'ಬಕ್' ಎನ್ನುತ್ತಿದ್ದರು. ಷೇಕ್ಸ್‌ಪಿಯರನ 'ದಿ ಮೆರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ಫಾಲ್‌ಸ್ಟಾಫ್ ಅಡಗಿಕೊಳ್ಳುವುದು ಇಂಥ ಮೈಲಿಗೆ ಬಟ್ಟೆಯ ಬುಟ್ಟಿಯಲ್ಲಿ.

ನಾರ್ಮನ್ನರ ಫ್ರೆಂಚ್ ಮತ್ತು ವೈದ್ಯರ ಲ್ಯಾಟಿನ್ ಇನ್ನೊಂದು ಕಂತೆ ಪದಗಳನ್ನು ತಂದವು. ಗಾಯ ತೊಳೆಯುವುದಕ್ಕೆ 'ಮಂಡಿಫೈ'. ಹೊಟ್ಟೆ ಶುದ್ಧಿಗೆ 'ಪರ್ಜ್', ಅದರ ಜೊತೆಗೇ 'ಸ್ಪರ್ಜ್'. ಈ ಕೊನೆಯದು ಕ್ರಿಯಾಪದವಾಗಿ ಅಳಿದು ಗಿಡದ ಹೆಸರಾಗಿ ನಿಂತಿದೆ: ಭೇದಿಗೆ ಕೊಡುತ್ತಿದ್ದ ಯೂಫೋರ್ಬಿಯ ಕುಲದ ಗಿಡಗಳಿಗೆ ಆ ಹೆಸರು. ನಮ್ಮ ಎಲೆಗಳ್ಳಿ ಅದೇ ಕುಲದ್ದು. ಆಯುರ್ವೇದ ಅದನ್ನು 'ಸ್ನುಹಿ' ಎಂದು ಕರೆದು ವಿರೇಚನ ದ್ರವ್ಯಗಳಲ್ಲಿ ಸೇರಿಸಿದೆ. 'ಪರ್ಜ್' ರಾಜಕೀಯಕ್ಕೂ ಹೊಕ್ಕಿತು. 1648ರ ಡಿಸೆಂಬರಿನಲ್ಲಿ ಕರ್ನಲ್ ಥಾಮಸ್ ಪ್ರೈಡ್ ಸೈನಿಕರನ್ನು ನಿಲ್ಲಿಸಿ ಇಂಗ್ಲೆಂಡಿನ ಹಲವು ಸಂಸತ್ ಸದಸ್ಯರನ್ನು ತಡೆದು ಹೊರಗಿಟ್ಟದ್ದಕ್ಕೆ 'ಪ್ರೈಡ್ಸ್ ಪರ್ಜ್' ಎಂದೇ ಹೆಸರು.

ಎಲ್ಲಕ್ಕಿಂತ ಹೆಚ್ಚು ಪಾಡುಪಟ್ಟ ಪದ 'ಡೆಫಿಕೇಟ್'. ಲ್ಯಾಟಿನ್ನಿನಲ್ಲಿ 'ಫೈಕ್ಸ್' ಎಂದರೆ ಗಸಿ, ಚರಟ. ಅದನ್ನು ತೆಗೆದು ತಿಳಿಯಾಗಿಸುವುದು ಡೆಫಿಕೇಟ್. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಕೊಟ್ಟಿರುವುದು ಈ ನಿರ್ಮಲವಾದ ಅರ್ಥವನ್ನೇ. 19ನೆಯ ಶತಮಾನದಲ್ಲಿ ಅದು ಮಲವಿಸರ್ಜನೆಯ ಸಭ್ಯ ಹೆಸರಾಯಿತು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ ಕಾಯಿಸಿ ತಿಳಿಗೊಳಿಸುವ ಹಂತವನ್ನು ಸಕ್ಕರೆ ತಂತ್ರಜ್ಞರು ಇಂದಿಗೂ 'ಡೆಫಿಕೇಷನ್' ಎಂದೇ ಕರೆಯುತ್ತಾರೆ.