ಮಾರಿಸ್ ಮೈನರ್: ಕೊಳ್ಳುವ ಮುನ್ನ ತಿಳಿಯಬೇಕಾದ ಚರಿತ್ರೆ

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಕಾರು ಜನರೆದುರು ಬಂದು ನಿಂತಿತು. ಇವೆರಡಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೂ ಹಳ್ಳಿಯ ಓಣಿಗಳಲ್ಲಿ ಹೆರಿಗೆಯ ಕರೆಗೆ ಓಗೊಟ್ಟು ಹೊರಡುತ್ತಿದ್ದ ದಾದಿಯರ ಕಾರು ಎಂದೇ ಇದು ಈ ದೇಶದ ಜನರ ನೆನಪಿನಲ್ಲಿ ಉಳಿದಿದೆ. ವೈದ್ಯವೃತ್ತಿಯವರಾದ ನಮಗೆ ಇದರ ಮೇಲೆ ಮೊದಲ ಮಮತೆ ಹುಟ್ಟಿದ್ದು ಆ ಕಾರಣದಿಂದ.

ನಮ್ಮ ಕನ್ನಡ ಬಳಗದಲ್ಲಿ ಈಚೆಗೆ ಹಳೆಯ ಕಾರಿನ ಗೀಳು ಹತ್ತಿಸಿಕೊಂಡವರು ನಾಲ್ಕಾರು ಮಂದಿ ಆಗಿದ್ದೇವೆ. ಬಿಡುವಿನ ಭಾನುವಾರಗಳಲ್ಲಿ ಮಾರಾಟಕ್ಕಿರುವ ಮೈನರ್‌ಗಳನ್ನು ನೋಡಿಬರುವುದು ನಮಗೆ ಅಭ್ಯಾಸವಾಗಿದೆ. ಹೀಗೆ ನೋಡುತ್ತಾ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು: ಈ ಕಾರಿನ ಯಾವ ಭಾಗ ಎಲ್ಲಿ ಸೋಲುತ್ತದೆಂಬುದನ್ನು ಅರಿಯಲು ಅದನ್ನು ಯಾರು, ಯಾವಾಗ, ಏಕೆ ಹಾಗೆ ಕಟ್ಟಿದರೆಂಬುದನ್ನು ಅರಿಯಬೇಕು. ರೋಗಿಯ ಪೂರ್ವೋತ್ತರ ಕೇಳದೆ ನಾಡಿ ಹಿಡಿಯುವುದು ನಮಗೆ ಎಂದೂ ಒಗ್ಗಿದ್ದಲ್ಲ.

ಇದರ ಜನಕ ಅಲೆಕ್ ಇಸಿಗೋನಿಸ್. 1906ರಲ್ಲಿ ಸ್ಮಿರ್ನಾದಲ್ಲಿ, ಎಂದರೆ ಇಂದಿನ ಟರ್ಕಿಯ ಇಜ್ಮಿರ್‌ನಲ್ಲಿ, ಹುಟ್ಟಿ, ಯುದ್ಧದ ದೆಸೆಯಿಂದ ಊರು ತೊರೆದು ಇಂಗ್ಲೆಂಡಿಗೆ ಬಂದವರು. ಇಂಗ್ಲಿಷರ ಗ್ರಾಮಜೀವನದ ಪ್ರತೀಕವೆನಿಸಿದ ಕಾರನ್ನು ರೂಪಿಸಿದವರು ಒಬ್ಬ ವಲಸಿಗರು ಎಂಬುದು ನಮ್ಮಂಥವರಿಗೆ ಸ್ವಲ್ಪ ಹಿತವಾದ ವಿಷಯವೇ ಸರಿ. ಎರಡನೆಯ ಮಹಾಯುದ್ಧದ ನಡುವೆಯೇ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ‘ಮಸ್ಕಿಟೊ’ ಎಂಬ ಗುಪ್ತನಾಮದಲ್ಲಿ ಇದರ ಕೆಲಸ ನಡೆಯಿತು. ಮಾದರಿ ಸಿದ್ಧವಾದ ಮೇಲೆ ಅಗಲ ಸಾಲದೆನಿಸಿ, ಇಸಿಗೋನಿಸ್ ಕಾರನ್ನು ಉದ್ದಕ್ಕೆ ಸೀಳಿಸಿ ಎರಡು ಹೋಳನ್ನೂ ದೂರ ಸರಿಸುತ್ತಾ ನೋಡಿ, ನಾಲ್ಕು ಅಂಗುಲ ಸೇರಿಸಿದರು. ಬಾನೆಟ್ಟಿನ ನಡುವೆ ಇಂದಿಗೂ ಕಾಣುವ ಪಟ್ಟಿ ಆ ಶಸ್ತ್ರಚಿಕಿತ್ಸೆಯ ಗಾಯದ ಗುರುತು. ಅಷ್ಟರಲ್ಲಾಗಲೇ ತಯಾರಾಗಿದ್ದ ಬಂಪರುಗಳನ್ನು ನಡುವೆ ಕತ್ತರಿಸಿ ತೇಪೆ ಹಾಕಿದ್ದರಿಂದ ಆರಂಭದ ಕಾರುಗಳಲ್ಲಿ ಆ ತೇಪೆಯೂ ಕಾಣುತ್ತದೆ. ಕಂಪನಿಯ ಒಡೆಯರಾದ ಲಾರ್ಡ್ ನಫೀಲ್ಡ್ ಇದನ್ನು ಬೇಯಿಸಿದ ಮೊಟ್ಟೆಗೆ ಹೋಲಿಸಿ ಜರೆದರಂತೆ. ಅದೇ ಕಾರು ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು; 1970ರ ದಶಕದ ಆದಿಯಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಟ್ಟು ಸಂಖ್ಯೆ ಸುಮಾರು 16 ಲಕ್ಷಕ್ಕೆ ಮುಟ್ಟಿತ್ತು.

ಎಂಜಿನ್ನಿನ ಕಥೆಯನ್ನು ಬೇಗ ಮುಗಿಸಬಹುದು. ಮೊದಲು 918 ಸಿಸಿ, 1952ರಿಂದ 803, 1956ರಲ್ಲಿ ಮೈನರ್ 1000 ಬಂದಾಗ 948, 1962ರಿಂದ 1098. ನಿತ್ಯ ಓಡಿಸಲು ಕೊನೆಯ ಎರಡೇ ಮೇಲು. ಮಾರುವವರು ನಾವು ಹೋಗುವ ಮೊದಲೇ ಎಂಜಿನ್ ಬಿಸಿಮಾಡಿ ಇಡದಂತೆ ಕೇಳಿಕೊಳ್ಳಬೇಕು. ತಣ್ಣಗಿದ್ದಾಗ ಹೇಗೆ ಎದ್ದೇಳುತ್ತದೆ, ನೀಲಿ ಹೊಗೆ ಬರುತ್ತದೆಯೇ ಎಂಬುದೇ ಪರೀಕ್ಷೆ. ಬ್ರಿಟನ್ನಿನಲ್ಲಿ ಸೀಸವಿದ್ದ ಪೆಟ್ರೋಲು 1999ರ ಕೊನೆಗೆ ನಿಂತುಹೋದುದರಿಂದ ಸೀಸರಹಿತ ಪೆಟ್ರೋಲಿಗೆ ಹೊಂದುವ ಗಟ್ಟಿ ವಾಲ್ವ್ ಸೀಟುಗಳನ್ನು ಕೂರಿಸಿದ್ದಾರೆಯೇ ಎಂದೂ ವಿಚಾರಿಸಬೇಕು. ಇದಕ್ಕಿಂತ ಹೆಚ್ಚಿನ ಚಿಂತೆ ಎಂಜಿನ್ನಿಗೆ ಬೇಡ. ಕೆಟ್ಟರೆ ಬದಲಿಸಬಹುದು, ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ.

ನಿಜವಾದ ವ್ಯಾಧಿ ಇರುವುದು ದೇಹದಲ್ಲಿ. ಹಳೆಯ ಕಾಲದ ಕಾರುಗಳಿಗೆ ಪ್ರತ್ಯೇಕವಾದ ದಪ್ಪ ಚಾಸಿ ಇರುತ್ತಿತ್ತು. ಮೇಲಿನ ತಗಡು ತುಕ್ಕು ತಿಂದರೂ ಅಸ್ಥಿಪಂಜರ ನಿಲ್ಲುತ್ತಿತ್ತು. ಮೈನರ್‌ನಲ್ಲಿ ನೆಲ, ಬಾಗಿಲ ಕೆಳಗಿನ ಸಿಲ್, ಅಡ್ಡತೊಲೆ ಎಲ್ಲವೂ ಒಂದಕ್ಕೊಂದು ಬೆಸೆದು ಭಾರ ಹೊರುತ್ತವೆ. ಅಂದಿಗೆ ಅದು ಮುಂದುವರಿದ ವಿಧಾನ. ಇಂದಿಗೆ ಅದರ ಅರ್ಥ, ತುಕ್ಕು ಹಿಡಿದ ಸಿಲ್ ಅಂದಗೆಟ್ಟ ಭಾಗವಲ್ಲ, ಮುರಿಯಲು ಕಾದಿರುವ ಮೂಳೆ. ಆದ್ದರಿಂದ ಮೊದಲು ರತ್ನಗಂಬಳಿ ಎತ್ತಿಸಬೇಕು. ಮುಂದಿನ ಸೀಟುಗಳ ಕೆಳಗೆ ಹಾಯುವ ಅಡ್ಡತೊಲೆಯ ಎರಡು ತುದಿಗಳು, ಜಾಕ್ ಇಡುವ ಜಾಗ, ಹಿಂದಿನ ಸ್ಪ್ರಿಂಗುಗಳು ದೇಹಕ್ಕೆ ಸೇರುವ ಕಡೆ, ಮುಂಭಾಗದ ಚಾಸಿ ತೋಳುಗಳು: ಇಲ್ಲಿ ಟಾರ್ಚ್ ಹಿಡಿದು ನೋಡಿ, ಬೆರಳಿನಿಂದ ಒತ್ತಿ, ತಟ್ಟಿ ಕೇಳಬೇಕು. 1761ರಲ್ಲಿ ಎದೆಯನ್ನು ತಟ್ಟಿ ರೋಗ ಗುರುತಿಸುವ ವಿಧಾನವನ್ನು ಪ್ರಕಟಿಸಿದ ಆಸ್ಟ್ರಿಯಾದ ವೈದ್ಯ ಔವೆನ್‌ಬ್ರುಗರ್ ಅದನ್ನು ಕಲಿತದ್ದು ತಂದೆಯ ಪಾನಗೃಹದ ಪೀಪಾಯಿಗಳನ್ನು ತಟ್ಟಿ ಎಂಬ ಮಾತಿದೆ. ಗಟ್ಟಿ ಉಕ್ಕು ಝಣ್ ಎನ್ನುತ್ತದೆ, ಫಿಲ್ಲರ್ ತುಂಬಿದ ಜಾಗ ಮಂಕಾಗಿ ಸದ್ದು ಕೊಡುತ್ತದೆ. ಅನುಮಾನವಿದ್ದರೆ ಮೆತ್ತನೆಯ ಬಟ್ಟೆ ಸುತ್ತಿದ ಅಯಸ್ಕಾಂತ ಸತ್ಯ ಹೇಳುತ್ತದೆ. ಮಾರಾಟದ ಹಿಂದಿನ ವಾರ ಹೊಟ್ಟೆಯಡಿ ಹಚ್ಚಿದಂತಿರುವ ಹೊಸ ಕಪ್ಪು ಲೇಪನ ಕಂಡರೆ ನಾವಂತೂ ಎರಡು ಹೆಜ್ಜೆ ಹಿಂದಿಡುತ್ತೇವೆ.

ಇದಕ್ಕಿಂತ ಅಪಾಯಕಾರಿಯಾದದ್ದು ಮುಂದಿನ ಚಕ್ರದ ಕೀಲು. ಕೆಳತುದಿಯಲ್ಲಿ ಕಿಂಗ್‌ಪಿನ್ನಿನ ಮರೆಯು ಟ್ರನಿಯನ್ ಎಂಬ ಭಾಗದೊಳಗೆ ತಿರುಪಿನಂತೆ ಕೂತಿರುತ್ತದೆ. ಸಾವಿರ ಮೈಲಿಗೊಮ್ಮೆ ಗ್ರೀಸ್ ಹಾಕುವ ಶಿಸ್ತಿದ್ದ ಕಾಲದ ರಚನೆ ಅದು. ಗ್ರೀಸ್ ಕಾಣದೆ ಮರೆ ಸವೆದರೆ ಒಂದು ದಿನ ಕೀಲು ಕಳಚಿ ಚಕ್ರ ಮಡಚಿಕೊಂಡು ಮೂತಿ ನೆಲಕ್ಕೆ ಒರಗುತ್ತದೆ. ಮನೆಯಂಗಳದಲ್ಲಿ ತಿರುಗಿಸುವಾಗ ಹೀಗಾದರೆ ಪುಣ್ಯ. ಹೆದ್ದಾರಿಯಲ್ಲಾದರೆ ನಮ್ಮಂಥವರ ತುರ್ತು ವಿಭಾಗಕ್ಕೆ ಕೆಲಸ. ಮುಂದಿನ ಚಕ್ರವನ್ನು ಎತ್ತಿಸಿ, ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಸಡಿಲವಿದ್ದರೆ ಕೂಡಲೇ ಬದಲಿಸಬೇಕು. ಕೊನೆಯ ಬಾರಿ ಗ್ರೀಸ್ ಹಾಕಿದ್ದು ಯಾವಾಗ ಎಂಬ ಪ್ರಶ್ನೆಗೆ ಮಾರುವವರು ತಡವರಿಸಿದರೆ ಅದೂ ಒಂದು ರೋಗಲಕ್ಷಣವೇ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕರ ಕಾಲಡಿಯ ಚಾಸಿ ತೋಳಿನೊಳಗೆ ಅಡಗಿರುವುದರಿಂದ ಅದನ್ನೂ ಜನ ಮರೆಯುತ್ತಾರೆ.

ಎರಡು ಬಗೆಯ ಮೈನರ್‌ಗಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. 1953ರಲ್ಲಿ ಬಂದ ಟ್ರಾವೆಲರ್‌ನ ಹಿಂಭಾಗದ ಮರದ ಚೌಕಟ್ಟು ಅಲಂಕಾರವಲ್ಲ, ಆಶ್ ಮರದ ನಿಜವಾದ ಆಧಾರ. ನೀರು ನಿಲ್ಲುವ ಕೆಳಪಟ್ಟಿಗಳಲ್ಲಿ ಮರ ಕಪ್ಪಾಗಿ ಉಗುರಿಗೆ ಮೆತ್ತಗಾದರೆ ದುರಸ್ತಿಗೆ ಕಾರಿನ ಬೆಲೆಯಷ್ಟೇ ಹಣ ಬೇಕಾದೀತು. ಇನ್ನೊಂದು, ಬಟ್ಟೆಯ ಚಾವಣಿಯ ಕನ್‌ವರ್ಟಿಬಲ್. ಇದಕ್ಕೆ ಬೆಲೆ ಹೆಚ್ಚಾದುದರಿಂದ ಸಾಮಾನ್ಯ ಸಲೂನ್‌ಗಳ ಚಾವಣಿ ಕೊಯ್ದು ಮಾಡಿದವು ಬಹಳ ಇವೆ. ಕಾರ್ಖಾನೆಯವರು ಹಾಕುತ್ತಿದ್ದ ಹೆಚ್ಚುವರಿ ಬಲಪಡಿಕೆ ಅವುಗಳಲ್ಲಿ ಇಲ್ಲದಿದ್ದರೆ ನಡುವೆ ಬಾಗುತ್ತವೆ. ನಾಲ್ವರು ಕುಳಿತಾಗ ಬಾಗಿಲು ಸಲೀಸಾಗಿ ತೆರೆದು ಮುಚ್ಚುತ್ತದೆಯೇ ನೋಡಿದರೆ ಸಾಕು.

ಊರಿನ ನಂಟು ಹುಡುಕುವವರಿಗೆ ಇಲ್ಲೊಂದು ಮಾತು. ಹಿಂದೂಸ್ತಾನ್ ಮೋಟರ್ಸ್ ಇದೇ ಮೈನರನ್ನು ಭಾರತದಲ್ಲಿ ‘ಬೇಬಿ ಹಿಂದೂಸ್ತಾನ್’ ಎಂದು ಮಾರಿತು. ಮೈನರ್‌ನ ದೊಡ್ಡ ಬಂಧುವಾದ ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಸರಣಿ ಅಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು, ಮೂರನೆಯದು ಅಂಬಾಸಿಡರ್ ಆಗಿ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ಮೇವರೆಗೂ ತಯಾರಾಯಿತು. ಡಾಕ್ಟರ ಮನೆಯ ಮುಂದೆ, ತಾಲ್ಲೂಕು ಕಚೇರಿಯ ಮುಂದೆ ನಾವು ಬಾಲ್ಯದಲ್ಲಿ ಕಂಡ ಆ ದುಂಡು ಬೆನ್ನನ್ನು ಇಲ್ಲಿನ ಮೈನರ್‌ನಲ್ಲಿ ಕಂಡು ಮನಸ್ಸು ಕರಗುವುದು ಸಹಜ. ಮಾರುವವರು ಅಪೇಕ್ಷಿಸುವುದೂ ಅದನ್ನೇ. ಬೆಲೆ ಮಾತಾಡುವ ದಿನ ಆ ಕರಗುವಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು.

ಕಾಗದಪತ್ರಗಳಲ್ಲಿ ವಿ5ಸಿ ಪುಸ್ತಕದ ಚಾಸಿ ಸಂಖ್ಯೆ ಕಾರಿನ ಫಲಕದೊಡನೆ ತಾಳೆಯಾಗಬೇಕು. ಆ ಪುಸ್ತಕ ಒಡೆತನದ ಪುರಾವೆಯಲ್ಲವೆಂಬುದೂ ನೆನಪಿರಲಿ. 2018ರ ಮೇ 20ರಿಂದ, 40 ವರ್ಷ ದಾಟಿ ಗಣನೀಯ ಮಾರ್ಪಾಡು ಕಾಣದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಇದು ವರದಂತೆ ಕಂಡರೂ, ಹಲವು ವರ್ಷ ಯಾರೂ ಹೊಟ್ಟೆಯಡಿ ನೋಡಿರದ ಕಾರುಗಳು ಮಾರುಕಟ್ಟೆಗೆ ಬರಲು ಇದೇ ಕಾರಣ. ಹಳೆಯ ಎಂಒಟಿ ಫಲಿತಾಂಶಗಳನ್ನು ನೋಂದಣಿ ಸಂಖ್ಯೆ ಕೊಟ್ಟು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಐದಾರು ವರ್ಷದ ಹಿಂದೆ ‘ಸಿಲ್ ತುಕ್ಕು’ ಎಂದು ಬರೆದು ಆ ಮೇಲೆ ದಾಖಲೆಯೇ ಇಲ್ಲದಿದ್ದರೆ, ಸ್ವಂತ ಖರ್ಚಿನಲ್ಲಿ ಹೊಸ ತಪಾಸಣೆ ಮಾಡಿಸದೆ ಮುಂಗಡ ಕೊಡಬಾರದು.

ಮಕ್ಕಳಿರುವ ಮನೆಯವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಮೈನರ್‌ಗಳಲ್ಲಿ ಬಹುಪಾಲು ಸೀಟ್ ಬೆಲ್ಟ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದಂಥವು. ಬೆಲ್ಟ್ ಇಲ್ಲದ ಅಂಥ ಕಾರಿನಲ್ಲಿ 3 ವರ್ಷದೊಳಗಿನ ಮಗುವನ್ನು ಕೂರಿಸುವಂತಿಲ್ಲ, ದೊಡ್ಡ ಮಕ್ಕಳು ಹಿಂದಿನ ಸೀಟಿನಲ್ಲಿ ಮಾತ್ರ ಕೂರಬಹುದು ಎಂಬುದು ಇಲ್ಲಿನ ಕಾನೂನು. ಆನಂತರ ಯಾರೋ ಬೆಲ್ಟ್ ಹಾಕಿಸಿದ್ದರೆ ಅದರ ಹೊಳಪು ನೋಡಿ ಸಮಾಧಾನಪಡದೆ, ಬುಡದ ಬೋಲ್ಟು ಎಲ್ಲಿ ಇಳಿದಿದೆಯೆಂದು ಕೆಳಗಿನಿಂದಲೂ ನೋಡಬೇಕು. ಸಾಮಾನ್ಯವಾಗಿ ಅದು ಇಳಿದಿರುವುದು ಮೇಲೆ ಹೇಳಿದ ಸಿಲ್ಲಿನ ಅಥವಾ ನೆಲದ ತಗಡಿಗೇ.